ಆಲೀಲ್ ಆವರ್ತನದ ಲೆಕ್ಕ ಹೊಂದುತ್ತಿಲ್ಲವೇ? ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಡಿಎನ್‌ಎಯ ಒಂದು ಜಾಗದಲ್ಲಿ ಕಾಣುವ ಬೇರೆ ಬೇರೆ ರೂಪಗಳೇ ಆಲೀಲ್‌ಗಳು; ಒಟ್ಟು ಪ್ರತಿಗಳಲ್ಲಿ ಒಂದು ಆಲೀಲ್‌ನ ಪಾಲೇ ಅದರ ಆವರ್ತನ. ಈ ಲೆಕ್ಕ ತಪ್ಪಿದಾಗ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಎರರ್ ತೋರಿಸುವುದಿಲ್ಲ. ಒಂದು ಸಂಖ್ಯೆ ಬರುತ್ತದೆ, ಅಷ್ಟೇ. ಬರಬೇಕಾದದ್ದು 0.25, ಬಂದದ್ದು 0.225. ಎರಡೂ ನೋಡಲು ಚೆನ್ನಾಗಿಯೇ ಇರುತ್ತವೆ. ಬೇರೆಯವರ ಕೋಷ್ಟಕದ ಪಕ್ಕದಲ್ಲಿ ಇಟ್ಟಾಗ ತಲೆನೋವು ಶುರು. ಆಗ ತುಂಬ ಜನ ನೈಸರ್ಗಿಕ ಆಯ್ಕೆ, ವಲಸೆ, ಡ್ರಿಫ್ಟ್ (ಆಕಸ್ಮಿಕ ಏರಿಳಿತ) ಅಂತ ದೊಡ್ಡ ದೊಡ್ಡ ಕಾರಣ ಹುಡುಕಲು ಹೊರಡುತ್ತಾರೆ. ಬೇಡ. ಮೊದಲು ಛೇದ ನೋಡಿ. ಆಮೇಲೆ ಯಾವ ಅಕ್ಷರವನ್ನು ಎಣಿಸಿದ್ದೀರಿ ನೋಡಿ. ಆಮೇಲೆ ಯಾರನ್ನು ಎಣಿಸಿದ್ದೀರಿ ನೋಡಿ. ಈ ಮೂರೂ ಸರಿ ಇದ್ದ ಮೇಲೆ ಜೀವಶಾಸ್ತ್ರದ ಮಾತು.

ಮೊದಲು ಕೈಯಲ್ಲಿ ಒಂದು ಲೆಕ್ಕ

ಯಾವ ಸಾಫ್ಟ್‌ವೇರ್ ಬಳಸಿದರೂ ಸರಿ, ಡಿಎನ್‌ಎಯ ಒಂದು ಜಾಗವನ್ನು ಆರಿಸಿಕೊಂಡು ಕಾಗದದ ಮೇಲೆ ಲೆಕ್ಕ ಮಾಡಿ. ಎಂಎನ್ ರಕ್ತ ಗುಂಪು ಇದಕ್ಕೆ ಒಳ್ಳೆಯದು, ಯಾಕೆಂದರೆ ಇಲ್ಲಿ ಎರಡೂ ಆಲೀಲ್ ಮುಚ್ಚಿಕೊಳ್ಳದೆ ಕಾಣಿಸುತ್ತವೆ. 200 ಜನ ಇದ್ದಾರೆ ಎಂದುಕೊಳ್ಳಿ. ಎಂಎಂ 58, ಎಂಎನ್ 96, ಎನ್‌ಎನ್ 46. ಒಬ್ಬರಿಗೆ ಎರಡು ಪ್ರತಿ, ಹಾಗಾಗಿ ಒಟ್ಟು 400 ಆಲೀಲ್. ಎಂ ಎಷ್ಟು? 58ರ ಎರಡರಷ್ಟು 116, ಅದಕ್ಕೆ 96 ಸೇರಿಸಿದರೆ 212. 212 ಭಾಗ 400 ಅಂದರೆ 0.53. ಎನ್ 188, ಅಂದರೆ 0.47. ಕೂಡಿದರೆ 1. ಇಷ್ಟೇ ಲೆಕ್ಕ. ಇದರಲ್ಲಿ ಹಾರ್ಡಿ-ವೈನ್‌ಬರ್ಗ್ ನಿಯಮ (ಆಲೀಲ್ ಆವರ್ತನದಿಂದ ಯಾವ ಜೋಡಿ ಎಷ್ಟಿರಬೇಕು ಎಂದು ಹೇಳುವ ಸೂತ್ರ) ಎಲ್ಲೂ ಬಂದಿಲ್ಲ ಎನ್ನುವುದನ್ನು ಗಮನಿಸಿ, ಮುಂದೆ ಇದು ಬೇಕಾಗುತ್ತದೆ.

ಸಾಫ್ಟ್‌ವೇರ್ ಕೊಟ್ಟ ಉತ್ತರ ಈ ಕೈಲೆಕ್ಕಕ್ಕೆ ಹೊಂದಿದರೆ ತೊಂದರೆ ಡೇಟಾದಲ್ಲಿದೆ. ಹೊಂದದಿದ್ದರೆ ಎಣಿಕೆಯಲ್ಲಿದೆ.

ಉತ್ತರ 1 ದಾಟಿದೆ, ಅಥವಾ ಸರಿಯಾಗಿ ಎರಡರಷ್ಟು ಬಂದಿದೆ

400ರಿಂದ ಭಾಗಿಸುವ ಬದಲು 200ರಿಂದ ಭಾಗಿಸಿದ್ದೀರಿ. ಮೇಲಿನ ಲೆಕ್ಕದಲ್ಲಿ ಎಂ 1.06 ಆಗಿ ಕೂಡಲೇ ಸಿಕ್ಕಿಬೀಳುತ್ತದೆ. ಅಪರೂಪದ ಆಲೀಲ್ ಆದರೆ ಸಿಕ್ಕಿಬೀಳುವುದಿಲ್ಲ, 0.02 ಇದ್ದದ್ದು ಸುಮ್ನೆ 0.04 ಆಗಿ ಕೂತುಬಿಡುತ್ತದೆ.

ಇದೇ ಗೊಂದಲ ಬೇರೆಯವರ ಸಂಖ್ಯೆ ಓದುವಾಗಲೂ ಆಗುತ್ತದೆ. ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋಗಿರುವ ಒಂದು ರೂಪ ಇದೆ. ಹೃದಯದ ಸ್ನಾಯುವಿನ ಕಾಯಿಲೆಗೆ ಇದರ ನಂಟಿದೆ ಎಂದು 2009ರಲ್ಲಿ ವರದಿಯಾಯಿತು. ದಕ್ಷಿಣ ಏಷ್ಯಾದವರಲ್ಲಿ ಸುಮಾರು 4% ಎಂದು ಎಲ್ಲ ಕಡೆ ಓದುತ್ತೀರಿ. ಆ 4% ಅದನ್ನು ಹೊತ್ತಿರುವ ಜನರ ಪ್ರಮಾಣ. ಹೊತ್ತವರಲ್ಲಿ ಹೆಚ್ಚಿನವರಿಗೆ ಇರುವುದು ಒಂದೇ ಪ್ರತಿ, ಹಾಗಾಗಿ ಆಲೀಲ್ ಆವರ್ತನ ಸುಮಾರು 2%. ನಿಮ್ಮ ಫೈಲಿನಲ್ಲಿ 0.02 ಬಂದು ಪ್ರಬಂಧದಲ್ಲಿ 4% ಕಂಡರೆ ಗಾಬರಿಯಾಗಬೇಡಿ, ಎರಡೂ ಒಂದೇ ಮಾತು ಹೇಳುತ್ತಿವೆ.

ಎಲ್ಲ ಆಲೀಲ್ ಕೂಡಿದರೂ 1 ಬರುತ್ತಿಲ್ಲ

ಇದಕ್ಕೆ ನಾನು ಮೊದಲು ಅನುಮಾನ ಪಡುವುದು ವರ್ಗಮೂಲವನ್ನು. ಹಾರ್ಡಿ-ವೈನ್‌ಬರ್ಗ್ ಸೂತ್ರ ಬಾಯಿಪಾಠ ಆಗಿರುವವರು ಹೋಮೋಗಳ (ಎರಡೂ ಪ್ರತಿ ಒಂದೇ ಆಲೀಲ್ ಇರುವವರ) ಪ್ರಮಾಣ ಕಂಡ ಕೂಡಲೇ ವರ್ಗಮೂಲ ತೆಗೆಯುತ್ತಾರೆ. 200 ಜನರಲ್ಲಿ ಎಎ 90, ಎಬಿ 60, ಬಿಬಿ 50 ಇದ್ದರೆ ಎಣಿಸಿದಾಗ ಎ 0.6, ಬಿ 0.4. ವರ್ಗಮೂಲದ ದಾರಿಯಲ್ಲಿ ಹೋದರೆ ಎ 0.67, ಬಿ 0.5, ಕೂಡಿದರೆ 1.17! ಮೂರೂ ಜೀನೋಟೈಪ್ (ಆಲೀಲ್ ಜೋಡಿ) ಕಣ್ಣೆದುರೇ ಇರುವಾಗ ಎಣಿಸಿಬಿಡಿ. ಆ ನಿಯಮ ಎಣಿಸಿದ್ದನ್ನು ಪರೀಕ್ಷೆ ಮಾಡುವುದಕ್ಕೆ.

ಎಣಿಸಿಯೂ 1 ಬರದಿದ್ದರೆ ಮೂರನೇ ಆಲೀಲ್ ಇದೆಯೇ ನೋಡಿ. ಜೀನೋಟೈಪ್ ಬರೆದಿಡುವ ವಿಸಿಎಫ್ ಫೈಲಿನಲ್ಲಿ 0 ಅಂದರೆ ರೆಫರೆನ್ಸ್ (ಹೋಲಿಕೆಗೆ ಇಟ್ಟುಕೊಂಡ ಮಾದರಿ ಜೀನೋಮಿನ) ಆಲೀಲ್, 1, 2 ಅಂದರೆ ಬೇರೆ ಆಲೀಲ್‌ಗಳು. 0/2 ಅಥವಾ 1/2 ಇರುವ ಸಾಲುಗಳು ಎರಡೇ ಆಲೀಲ್ ಗೊತ್ತಿರುವ ಸ್ಕ್ರಿಪ್ಟಿನ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಎಕ್ಸೆಲ್ ಮಹಾಶಯನ ಕೆಲಸ. ಬರೀ ಜೀನೋಟೈಪ್ ಇರುವ ಕಾಲಂ ತೆರೆದರೆ 1/1 ಎನ್ನುವುದು ಜನವರಿ 1 ಆಗಿಬಿಡುತ್ತದೆ. 0/1 ಮಾತ್ರ ಹಾಗೇ ಉಳಿಯುತ್ತದೆ. ಆಮೇಲೆ 1/1 ಎಷ್ಟಿದೆ ಎಂದು ಎಣಿಸಿದರೆ ಸೊನ್ನೆ! ಹೋಮೋಗಳೇ ಇಲ್ಲದ ವಿಚಿತ್ರ ಊರು ಸಿಕ್ಕಿತು ಎಂದು ಸಂಭ್ರಮ ಪಡುವ ಮೊದಲು ಆ ಕಾಲಂನಲ್ಲಿ ದಿನಾಂಕ ಇದೆಯೇ ನೋಡಿ. ಜೀನುಗಳ ಹೆಸರನ್ನೂ ಇದು ಹೀಗೇ ಕೆಡಿಸುತ್ತಿತ್ತು, 2020ರ ಹೊತ್ತಿಗೆ ಕೆಲವು ಜೀನುಗಳ ಅಧಿಕೃತ ಹೆಸರನ್ನೇ ಬದಲಾಯಿಸಬೇಕಾಯಿತು. ತೆರೆಯುವಾಗಲೇ ಕಾಲಂ ಅನ್ನು ಪಠ್ಯ ಎಂದು ಗುರುತಿಸಿ. ಹಾಗೆಯೇ 0/1 ಮಾತ್ರ ಎಣಿಸಿ 1/0, 0|1, 1|0 ಬಿಟ್ಟಿದ್ದೀರಾ ಅಂತಲೂ ನೋಡಿಕೊಳ್ಳಿ.

ಒಂದೇ ಡೇಟಾ, ಎರಡು ಕಡೆ ಎರಡು ಉತ್ತರ

ಇಲ್ಲಿ ಛೇದವೇ ಅಪರಾಧಿ. 200 ಜನರ ಪೈಕಿ 20 ಜನರ ಫಲಿತಾಂಶ ಬಂದಿಲ್ಲ, ಉಳಿದ 180 ಜನರಲ್ಲಿ 90 ಆಲೀಲ್ ಸಿಕ್ಕಿವೆ ಎಂದುಕೊಳ್ಳಿ. 90 ಭಾಗ 360 ಅಂದರೆ 0.25, ಇದು ಸರಿ. 400ರಿಂದ ಭಾಗಿಸಿದರೆ 0.225. ಖಾಲಿ ಬಿಟ್ಟವರನ್ನು ಯಾರೋ 0/0 ಎಂದು ತುಂಬಿದ್ದರೂ ಇದೇ 0.225 ಬರುತ್ತದೆ, ಮತ್ತು ಆಗ ಹಿಡಿಯುವುದು ಇನ್ನೂ ಕಷ್ಟ, ಯಾಕೆಂದರೆ ಖಾಲಿ ಇತ್ತು ಎನ್ನುವ ಗುರುತೇ ಉಳಿದಿರುವುದಿಲ್ಲ.

ವಿಸಿಎಫ್‌ನಲ್ಲಿ ಇನ್ಫೋ ಅಂಕಣದೊಳಗಿನ ಎಎನ್ ಎಂಬ ಸಂಖ್ಯೆಯೇ ಛೇದ, ಎಸಿ ಅಂಶ. ಜೀನೋಟೈಪ್ ಡೇಟಾದ ಲೆಕ್ಕ ಮಾಡುವ ಸಾಫ್ಟ್‌ವೇರ್ ಪ್ಲಿಂಕ್ 1.9 ಇದೇ ಛೇದವನ್ನು ಎನ್‌ಕ್ರೋಬ್ಸ್ ಎನ್ನುತ್ತದೆ, ಪ್ಲಿಂಕ್ 2 ಓಬಿಎಸ್-ಸಿಟಿ ಎನ್ನುತ್ತದೆ. ಆವರ್ತನ ನೋಡುವ ಮೊದಲು ಈ ಛೇದ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಎಎನ್ ವಿಚಿತ್ರವಾಗಿದ್ದರೆ ಸಾಮಾನ್ಯವಾಗಿ ಈ ಕೆಳಗಿನವುಗಳಲ್ಲಿ ಒಂದು ನಡೆದಿರುತ್ತದೆ. ಬೇರೆ ಬೇರೆ ಜನರ ಫೈಲುಗಳನ್ನು ವಿಸಿಎಫ್ ನಿಭಾಯಿಸುವ ಸಾಫ್ಟ್‌ವೇರ್ ಆದ ಬಿಸಿಎಫ್‌ಟೂಲ್ಸ್‌ನಿಂದ ಸೇರಿಸಿದ್ದೀರಿ, ಆದರೆ ಒಬ್ಬೊಬ್ಬರ ಫೈಲಿನಲ್ಲೂ ಅವರಿಗೆ ವ್ಯತ್ಯಾಸ ಇದ್ದ ಜಾಗ ಮಾತ್ರ ಬರೆದಿತ್ತು. ವ್ಯತ್ಯಾಸ ಇಲ್ಲದವರು ಸೇರಿಸಿದ ಮೇಲೆ ಖಾಲಿ ಆಗುತ್ತಾರೆ, ಛೇದದಿಂದ ಜಾರುತ್ತಾರೆ, ಅಪರೂಪದ ಆಲೀಲ್ ಕೂಡ 0.5, 0.6 ಅಂತ ಮೆರೆಯುತ್ತದೆ. ಖಾಲಿ ಜಾಗವನ್ನೆಲ್ಲ ರೆಫರೆನ್ಸ್ ಎಂದು ತುಂಬುವ ಆಯ್ಕೆ ಅದರಲ್ಲಿ ಇದೆ, ಆದರೆ ಅದನ್ನು ಒತ್ತಿದರೆ ನಿಜವಾಗಿ ಓದಲಾಗದೇ ಹೋದವರೂ ರೆಫರೆನ್ಸ್ ಆಗಿಬಿಡುತ್ತಾರೆ. ಸಾಧ್ಯವಿದ್ದರೆ ಎಲ್ಲರನ್ನೂ ಒಟ್ಟಿಗೆ ಮತ್ತೆ ಕಾಲ್ ಮಾಡಿಸುವುದೇ (ಮೂಲ ಡೇಟಾದಿಂದ ಜೀನೋಟೈಪ್ ಹೊಸದಾಗಿ ನಿರ್ಧರಿಸುವುದೇ) ಒಳ್ಳೆಯದು.

ಅಥವಾ, ದೊಡ್ಡ ಫೈಲಿನಿಂದ ಕೆಲವರನ್ನು ಮಾತ್ರ ಬೇರೆ ತೆಗೆದಿದ್ದೀರಿ. ಬಿಸಿಎಫ್‌ಟೂಲ್ಸ್ ಎಸಿ, ಎಎನ್ ಎರಡನ್ನೂ ಹೊಸದಾಗಿ ಬರೆಯುತ್ತದೆ, ಎಎಫ್ (ಆವರ್ತನ) ಮಾತ್ರ ಹಳೆಯದೇ ಉಳಿಯುತ್ತದೆ. ನೀವು ನೋಡುತ್ತಿರುವುದು ಹಳೆಯ ಗುಂಪಿನ ಆವರ್ತನ! ಎಸಿ ಭಾಗ ಎಎನ್ ನೀವೇ ಮಾಡಿ, ಇಲ್ಲವೇ ಫಿಲ್-ಟ್ಯಾಗ್ಸ್ ಪ್ಲಗಿನ್ ಓಡಿಸಿ.

ಇನ್ನು ಕುಟುಂಬಗಳ ಡೇಟಾ ಆದರೆ, ಪ್ಲಿಂಕ್ 1.9 ಆವರ್ತನ ಲೆಕ್ಕ ಹಾಕುವಾಗ ತಂದೆ ಅಥವಾ ತಾಯಿಯ ಗುರುತು ಬರೆದಿರುವ ಮಕ್ಕಳನ್ನು, ಹೆತ್ತವರು ಫೈಲಿನಲ್ಲಿ ಇಲ್ಲದಿದ್ದರೂ, ತಾನಾಗಿಯೇ ಬಿಡುತ್ತದೆ. ಮಕ್ಕಳ ಆಲೀಲ್ ಹೆತ್ತವರ ನಕಲೇ ತಾನೆ, ಹೆತ್ತವರೂ ಫೈಲಿನಲ್ಲಿದ್ದರೆ ಅದು ಮಾಡುವುದು ಸರಿ. ನಿಮ್ಮ ಸ್ಕ್ರಿಪ್ಟ್ ಎಲ್ಲರನ್ನೂ ಎಣಿಸಿದ್ದರೆ ಎರಡು ಉತ್ತರ ಬಂದೇ ಬರುತ್ತದೆ.

ಮತ್ತೊಂದು ಚಿಕ್ಕದು: ಊರುಗಳ ಆವರ್ತನದ ಸರಾಸರಿ. 20 ಜನರ ಊರಲ್ಲಿ 0.4, 180 ಜನರ ಊರಲ್ಲಿ 0.1 ಇದ್ದರೆ ಒಟ್ಟು 0.25 ಅಲ್ಲ. 16 ಮತ್ತು 36 ಸೇರಿ 52, ಭಾಗ 400, ಅಂದರೆ 0.13.

ಆವರ್ತನ ತಲೆಕೆಳಗಾಗಿದೆ: ಅವರದ್ದು 0.06, ನಿಮ್ಮದು 0.94

ಎರಡನ್ನೂ ಕೂಡಿ ನೋಡಿ. 1ಕ್ಕೆ ಹತ್ತಿರ ಬಂದರೆ ನೀವು ಬೇರೆ ಬೇರೆ ಆಲೀಲ್ ಎಣಿಸುತ್ತಿದ್ದೀರಿ. ಯಾಕೆ ಎನ್ನುವುದಕ್ಕೆ ಎರಡು ಮುಖ್ಯ ಕಾರಣ.

ಮೊದಲನೆಯದು ಪ್ಲಿಂಕ್ 1.9ರ ಅಭ್ಯಾಸ. ಅದು ಯಾವ ಆಲೀಲ್ ಕಡಿಮೆ ಇದೆಯೋ ಅದನ್ನೇ ಎ1 ಎಂದು ಕರೆದು ಅದರ ಆವರ್ತನ ಕೊಡುತ್ತದೆ. ನಿಮ್ಮ ಕೋಷ್ಟಕದಲ್ಲಿ 0.5 ದಾಟಿದ ಒಂದು ಸಂಖ್ಯೆಯೂ ಇಲ್ಲವೇ? ಹಾಗಾದರೆ ಇದೇ. ಒಂದು ಊರಲ್ಲಿ ಜಿ 0.45, ಇನ್ನೊಂದರಲ್ಲಿ ಜಿ 0.55 ಇದ್ದರೆ, ಬೇರೆ ಬೇರೆಯಾಗಿ ಓಡಿಸಿದಾಗ ಎರಡಕ್ಕೂ 0.45 ಬರುತ್ತದೆ. ವ್ಯತ್ಯಾಸವೇ ಇಲ್ಲ ಎಂದು ಬರೆದು ಮುಗಿಸುತ್ತೀರಿ. ಎ1 ಅಂಕಣದಲ್ಲಿ ಅಕ್ಷರ ಬದಲಾಗಿದೆಯೇ ನೋಡಿ, ಎಲ್ಲ ಊರಿಗೂ ಎಣಿಸುವ ಆಲೀಲ್ ಯಾವುದು ಎಂದು ಮೊದಲೇ ಗಟ್ಟಿ ಮಾಡಿ. ಪ್ಲಿಂಕ್ 2 ಯಾವಾಗಲೂ ಆಲ್ಟ್ (ರೆಫರೆನ್ಸ್ ಅಲ್ಲದ) ಆಲೀಲ್‌ನ ಆವರ್ತನ ಕೊಡುತ್ತದೆ, ತಾಪತ್ರಯ ಕಡಿಮೆ.

ಎರಡನೆಯದು ಎಳೆಯ ಗೊಂದಲ. ಡಿಎನ್‌ಎಗೆ ಎರಡು ಎಳೆ, ಒಂದರಲ್ಲಿ ಎ ಇದ್ದರೆ ಎದುರಿಗೆ ಟಿ, ಸಿ ಇದ್ದರೆ ಎದುರಿಗೆ ಜಿ. ರೆಫರೆನ್ಸ್ ಜೀನೋಮ್ ಬರೆದಿರುವುದು ಮುಂದಿನ ಎಳೆಯ ಮೇಲೆ. ಜೀನ್ ಹಿಂದಿನ ಎಳೆಯ ಮೇಲಿದ್ದರೆ ಪ್ರಬಂಧದವರು ಜೀನಿನ ಭಾಷೆಯಲ್ಲಿ ಬರೆದಿರುತ್ತಾರೆ, ನಿಮ್ಮ ಫೈಲು ರೆಫರೆನ್ಸಿನ ಭಾಷೆಯಲ್ಲಿ ಇರುತ್ತದೆ.

ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಗುಣಕ್ಕೆ ಸಂಬಂಧಿಸಿದ 13910ನೇ ಜಾಗದ ವ್ಯತ್ಯಾಸವನ್ನೇ ತೆಗೆದುಕೊಳ್ಳಿ, ಅದರ ಗುರುತಿನ ಸಂಖ್ಯೆ ಆರ್‌ಎಸ್4988235. ಪ್ರಬಂಧಗಳಲ್ಲಿ ಅದು ಸಿ ಮತ್ತು ಟಿ. ನಿಮ್ಮ ಫೈಲಿನಲ್ಲಿ ಜಿ ಮತ್ತು ಎ. ಅವರ ಟಿ ನಿಮ್ಮ ಎ. ಇಲ್ಲಿ ಅಕ್ಷರವೇ ಹೊಂದದ ಕಾರಣ ಏನೋ ಎಡವಟ್ಟಾಗಿದೆ ಎಂದು ತಾನಾಗಿ ಗೊತ್ತಾಗುತ್ತದೆ, ಬಚಾವ್.

ಸಿಕಲ್ ಸೆಲ್ (ಕುಡುಗೋಲು ಕಣ ಕಾಯಿಲೆ) ಹಾಗಲ್ಲ. ಆರ್‌ಎಸ್334, ಬೀಟಾ ಗ್ಲೋಬಿನ್ ಜೀನ್, 11ನೇ ಕ್ರೋಮೋಸೋಮ್, ಇದೂ ಹಿಂದಿನ ಎಳೆಯೇ. ಜೀನಿನ ಕಡೆಯಿಂದ ಓದಿದರೆ ಜಿಎಜಿ ಹೋಗಿ ಜಿಟಿಜಿ ಆಗುತ್ತದೆ, ಎ ಇದ್ದಲ್ಲಿ ಟಿ. ರೆಫರೆನ್ಸ್ ಕಡೆಯಿಂದ ಓದಿದರೆ ಟಿ ಇದ್ದಲ್ಲಿ ಎ. ಎರಡೂ ಕಡೆ ಅದೇ ಎರಡು ಅಕ್ಷರ! ಪ್ರಬಂಧದಲ್ಲಿ ಟಿ ಆವರ್ತನ 0.06 ಎಂದು ಓದಿ, ನಿಮ್ಮ ಫೈಲಿನಲ್ಲಿ ಟಿ ಎಷ್ಟು ಎಂದು ನೋಡಿದರೆ 0.94. ಯಾವ ಸಾಫ್ಟ್‌ವೇರೂ ಗದರಿಸುವುದಿಲ್ಲ. ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಇದೆ ಎಂದು 1952ರಲ್ಲಿ ವರದಿಯಾದ ಮೇಲೆ ದೇಶದಲ್ಲಿ ಈ ಆಲೀಲ್ ಬಗ್ಗೆ ಬೇಕಾದಷ್ಟು ಸಮೀಕ್ಷೆ ನಡೆದಿವೆ. ಹಳೆಯ ಸಮೀಕ್ಷೆಗಳು ಹಿಮೋಗ್ಲೋಬಿನ್ ನೋಡಿ ಎಸ್ ಎಂದು ಬರೆದವು, ಹೊಸವು ಡಿಎನ್‌ಎ ಅಕ್ಷರ ಬರೆಯುತ್ತವೆ. ಎರಡನ್ನೂ ಒಂದೇ ಕೋಷ್ಟಕಕ್ಕೆ ತರುವಾಗ ಈ ಗುಂಡಿಗೆ ಬೀಳುವುದು ಸುಲಭ.

ಪರೀಕ್ಷೆ ಹೇಗೆ? ಆವರ್ತನವನ್ನು ಜನರನ್ನಾಗಿ ಮಾಡಿ ನೋಡಿ. 0.94 ನಿಜವಾದರೆ ಊರಿನ 88% ಜನಕ್ಕೆ ಕಾಯಿಲೆಯೇ ಇರಬೇಕು. 0.06 ಆದರೆ ಸುಮಾರು 11% ಜನ ವಾಹಕರು, ಕಾಯಿಲೆ ಇರುವವರು 1000ಕ್ಕೆ ನಾಲ್ಕಕ್ಕಿಂತ ಕಡಿಮೆ. ಯಾವುದು ನಂಬುವ ಮಾತು ಎಂದು ಕೇಳಬೇಕಾಗಿಲ್ಲ ಅಲ್ವಾ? ಕಾಯಿಲೆಯ ಸುಳಿವು ಇಲ್ಲದ ಎ/ಟಿ, ಸಿ/ಜಿ ಜಾಗಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಆವರ್ತನ 0.5ರ ಆಸುಪಾಸು ಇದ್ದರಂತೂ ಎಳೆ ಯಾವುದೆಂದು ಸಂಖ್ಯೆಯಿಂದ ಹೇಳಲು ಆಗುವುದೇ ಇಲ್ಲ. ಚಿಪ್ ಕಂಪನಿಯ ಎಳೆ ಮಾಹಿತಿ ಸಿಗದಿದ್ದರೆ ಅಂಥ ಜಾಗಗಳನ್ನು ಕೈಬಿಡಿ. ಹೊಟ್ಟೆ ಉರಿಯುತ್ತದೆ, ಆದರೂ ಬಿಡಿ.

ಹಾರ್ಡಿ-ವೈನ್‌ಬರ್ಗ್ ಪರೀಕ್ಷೆಯಲ್ಲಿ ಫೇಲ್

ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ, ಜರ್ಮನಿಯ ವೈದ್ಯ ವೈನ್‌ಬರ್ಗ್, ಇಬ್ಬರೂ 1908ರಲ್ಲಿ ಬೇರೆ ಬೇರೆಯಾಗಿ ಹೇಳಿದ ಮಾತು ಇದು: ಮದುವೆಗಳು ಆಲೀಲ್ ನೋಡದೆ ನಡೆದರೆ ಒಂದೊಂದು ಹೋಮೋ ಪ್ರಮಾಣ ಅದರ ಆಲೀಲ್ ಆವರ್ತನದ ವರ್ಗ, ಹೆಟೆರೊ (ಎರಡು ಬೇರೆ ಆಲೀಲ್ ಇರುವವರು) ಪ್ರಮಾಣ ಎರಡೂ ಆವರ್ತನದ ಗುಣಲಬ್ಧದ ಎರಡರಷ್ಟು. ಎಂಎನ್ ಲೆಕ್ಕಕ್ಕೆ ಹಾಕಿದರೆ ನಿರೀಕ್ಷೆ ಸುಮಾರು 56, 100, 44. ಸಿಕ್ಕಿದ್ದು 58, 96, 46. ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ಅಂತರ ಅಳೆಯುವ ಕೈ-ಸ್ಕ್ವೇರ್ 0.27, ಮಿತಿ 3.84, ಏನೂ ತೊಂದರೆ ಇಲ್ಲ.

ಈಗ ಮೇಲಿನ 90, 60, 50 ತೆಗೆದುಕೊಳ್ಳಿ. ನಿರೀಕ್ಷಿತ ಹೆಟೆರೊ 96, ಸಿಕ್ಕಿದ್ದು 60. ಭಾರಿ ಕೊರತೆ. ಇದನ್ನು ನಾನು ಮಾಡಿದ್ದು ಹೀಗೆ: 100 ಜನರ ಎರಡು ಊರು, ಒಂದರಲ್ಲಿ ಎ 0.9, ಇನ್ನೊಂದರಲ್ಲಿ 0.3. ಮೊದಲ ಊರು 81, 18, 1. ಎರಡನೆಯದು 9, 42, 49. ಎರಡೂ ತಮ್ಮಷ್ಟಕ್ಕೆ ನಿಯಮಕ್ಕೆ ಪಕ್ಕಾ ಹೊಂದುತ್ತವೆ. ಸೇರಿಸಿದ ಕೂಡಲೇ ಕೆಡುತ್ತದೆ. 1928ರಲ್ಲಿ ಇದನ್ನು ತೋರಿಸಿದ ಸ್ವೀಡನ್ನಿನವನ ಹೆಸರಿನಿಂದ ಇದಕ್ಕೆ ವಾಲುಂಡ್ ಪರಿಣಾಮ ಎನ್ನುತ್ತಾರೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿದರೆ ಸಾಕು ಎನ್ನುವುದು ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ ಬೆಂದಿದ್ದಾಗ ಮಾತ್ರ. ನಮ್ಮ ಜಾತಿ, ಉಪಜಾತಿಗಳು ತಲೆಮಾರುಗಳಿಂದ ಒಳಗೊಳಗೇ ಮದುವೆಯಾಗುತ್ತಾ ಬಂದಿರುವ ದೇಶದಲ್ಲಿ, ಒಂದು ಜಿಲ್ಲಾಸ್ಪತ್ರೆಗೆ ಬಂದವರನ್ನೆಲ್ಲ ಸೇರಿಸಿ ಒಂದು ಜನಸಮುದಾಯ ಎಂದರೆ ಅದು ಹಲವು ಪಾತ್ರೆ.

ಹೆಟೆರೊ ಕೊರತೆಗೆ ಬೇರೆ ಕಾರಣಗಳೂ ಇವೆ. ಪಿಸಿಆರ್‌ನಲ್ಲಿ (ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಒಂದು ಆಲೀಲ್ ಬೆಳೆಯದೇ ಹೋದರೆ ಹೆಟೆರೊ ಇದ್ದವರು ಹೋಮೋ ಆಗಿ ಕಾಣುತ್ತಾರೆ. ರಕ್ತಸಂಬಂಧದ ಮದುವೆಯೂ ಹೆಟೆರೊ ಕಡಿಮೆ ಮಾಡುತ್ತದೆ. ಯಾವುದು ಎಂದು ಬೇರ್ಪಡಿಸಲು ಮೊದಲು ಉಳಿದ ಜಾಗಗಳನ್ನು ನೋಡಿ. ಒಂದೇ ಜಾಗದಲ್ಲಿ ಕೊರತೆ ಇದ್ದು ಉಳಿದವು ಸರಿ ಇದ್ದರೆ ಪ್ರಯೋಗಾಲಯದ ತಪ್ಪು. ಅದೇ ಜಾಗದಲ್ಲಿ ಖಾಲಿಯೂ ಜಾಸ್ತಿ ಇದ್ದರೆ ಇನ್ನೂ ಗಟ್ಟಿ, ಕೆಲವು ಹೋಮೋಗಳನ್ನು ಬೇರೆ ಪ್ರೈಮರ್‌ನಿಂದ ಮತ್ತೆ ಓಡಿಸಿ. ಎಲ್ಲ ಕಡೆಯೂ ಕೊರತೆ ಇದ್ದರೆ ಜನರನ್ನು ಊರು ಅಥವಾ ಸಮುದಾಯದ ಪ್ರಕಾರ ಬೇರೆ ಮಾಡಿ ಲೆಕ್ಕ ಹಾಕಿ. ಕೊರತೆ ಮಾಯವಾದರೆ ವಾಲುಂಡ್. ಆಗಲೂ ಉಳಿದರೆ ರಕ್ತಸಂಬಂಧ ಇರಬಹುದು, ಇಲ್ಲವೇ ನೀವು ಒಂದೇ ಎಂದುಕೊಂಡ ಗುಂಪಿನೊಳಗೇ ಇನ್ನೊಂದು ಒಡಕು ಇರಬಹುದು.

ಹೆಟೆರೊ ಜಾಸ್ತಿ ಬಂದರೆ, ಅದರಲ್ಲೂ ಎಲ್ಲರೂ ಹೆಟೆರೊ ಆದರೆ, ಜೀನೋಮ್‌ನಲ್ಲಿ ಎರಡು ಕಡೆ ಇರುವ ಒಂದೇ ತರದ ತುಂಡುಗಳು ಬೆರೆತಿವೆ. ಒಬ್ಬರಿಗೇ ಎಲ್ಲ ಕಡೆ ಹೆಟೆರೊ ಜಾಸ್ತಿ ಇದ್ದರೆ ಆ ಸ್ಯಾಂಪಲ್‌ಗೆ ಇನ್ನೊಬ್ಬರದ್ದು ಬೆರೆತಿದೆ.

ಎಕ್ಸ್ ಕ್ರೋಮೋಸೋಮ್

ಹೆಂಗಸರಿಗೆ ಎರಡು, ಗಂಡಸರಿಗೆ ಒಂದು. 60 ಹೆಂಗಸರು, 40 ಗಂಡಸರು ಇದ್ದರೆ ಛೇದ 160. ಜಿ6ಪಿಡಿ (ಒಂದು ಕಿಣ್ವ, ಅದರ ಜೀನ್ ಎಕ್ಸ್ ಮೇಲಿದೆ) ಕೊರತೆಯ ಆಲೀಲ್ ಎಂದುಕೊಳ್ಳಿ: ಹೆಂಗಸರಲ್ಲಿ 6 ಹೆಟೆರೊ, ಗಂಡಸರಲ್ಲಿ 4 ಜನ. 10 ಭಾಗ 160, ಅಂದರೆ 0.0625. ಗಂಡಸರನ್ನೂ ಇಬ್ಬಿಬ್ಬರಂತೆ ಎಣಿಸಿದರೆ 14 ಭಾಗ 200, ಅಂದರೆ 0.07. ಗಂಡಸರಲ್ಲಿ ಹೆಟೆರೊ ಕಂಡರೆ ಮೊದಲು ಲಿಂಗದ ಅಂಕಣ ತಪ್ಪಿದೆಯೇ ನೋಡಿ.

ಕಾಯಿಲೆಯ ಪ್ರಮಾಣದಿಂದ ಲೆಕ್ಕ ಹಾಕಿದ್ದು ಜಾಸ್ತಿ ಬರುತ್ತಿದೆ

ರಿಸೆಸಿವ್ (ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಬರುವ) ಕಾಯಿಲೆಗೆ ಜೀನೋಟೈಪ್ ಡೇಟಾ ಇಲ್ಲದಿದ್ದಾಗ ವರ್ಗಮೂಲ ಬಿಟ್ಟು ದಾರಿ ಇಲ್ಲ. 2500ಕ್ಕೆ ಒಂದು ಮಗುವಿಗೆ ಕಾಯಿಲೆ ಎಂದರೆ ಆಲೀಲ್ 0.02, ವಾಹಕರು ಸುಮಾರು 25ಕ್ಕೆ ಒಬ್ಬರು. ಪಠ್ಯಪುಸ್ತಕ ಇಲ್ಲಿಗೆ ನಿಲ್ಲಿಸುತ್ತದೆ. ಆದರೆ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಅತ್ತೆಯ ಮಗ, ಮಾವನ ಮಗಳ ನಡುವೆ ಮದುವೆಯಾಗುವ ನಮ್ಮ ಕಡೆ ಈ ಲೆಕ್ಕ ಎಡವುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟುವ ಮಗುವಿನ ಒಳಸಂತಾನ ಗುಣಾಂಕ (ಎರಡೂ ಪ್ರತಿ ಒಬ್ಬ ಪೂರ್ವಜರಿಂದಲೇ ಬಂದಿರುವ ಸಾಧ್ಯತೆ) 1/8, ಅತ್ತೆಯ ಮಗ, ಮಾವನ ಮಗಳಿಗೆ ಹುಟ್ಟುವ ಮಗುವಿನದ್ದು 1/16. ಇಡೀ ಸಮುದಾಯದ ಸರಾಸರಿ 0.03 ಎಂದುಕೊಳ್ಳಿ. ಆಗ ಕಾಯಿಲೆಯ ಪ್ರಮಾಣ ಆವರ್ತನದ ವರ್ಗ ಮಾತ್ರವಲ್ಲ, ಅದಕ್ಕೆ ಗುಣಾಂಕ ಮತ್ತು ಎರಡೂ ಆಲೀಲ್‌ಗಳ ಆವರ್ತನದ ಗುಣಲಬ್ಧ ಸೇರುತ್ತದೆ. ಅದೇ 2500ಕ್ಕೆ ಒಂದು ಇಟ್ಟು ಬಿಡಿಸಿದರೆ ಆಲೀಲ್ 0.01 ಬರುತ್ತದೆ. ನೇರ ಅರ್ಧ! ರಕ್ತಸಂಬಂಧದ ಮದುವೆ ಆಲೀಲ್ ಆವರ್ತನವನ್ನು ಬದಲಿಸುವುದಿಲ್ಲ, ಅದನ್ನು ನೀವು ಊಹಿಸುವ ದಾರಿಯನ್ನು ಕೆಡಿಸುತ್ತದೆ.

ಎಬಿಓ ರಕ್ತ ಗುಂಪಿಗೂ ನೇರ ಎಣಿಕೆ ನಡೆಯುವುದಿಲ್ಲ, ಎ ಗುಂಪಿನವರಲ್ಲಿ ಎಎ ಯಾರು, ಎಓ ಯಾರು ಗೊತ್ತಿಲ್ಲ. ಅದಕ್ಕೆ ಇಎಂ ವಿಧಾನ (ಊಹಿಸಿ, ಮತ್ತೆ ಮತ್ತೆ ತಿದ್ದುವ ಲೆಕ್ಕ) ಬಳಸುವ ಪ್ಯಾಕೇಜ್ ಹುಡುಕಿ.

ಲೆಕ್ಕ ಎಲ್ಲ ಸರಿ, ಆದರೂ ಯಾರದ್ದಕ್ಕೂ ಹೊಂದುತ್ತಿಲ್ಲ

ಆಗ ಯಾರನ್ನು ಎಣಿಸಿದ್ದೀರಿ ಎನ್ನುವ ಪ್ರಶ್ನೆ. ಸಿಕಲ್ ಸೆಲ್ ಶಿಬಿರಕ್ಕೆ ಬರುವವರಲ್ಲಿ ಕಾಯಿಲೆ ಇರುವವರು, ಅವರ ಅಣ್ಣ ತಮ್ಮಂದಿರು ಜಾಸ್ತಿ ಇದ್ದರೆ ಆವರ್ತನ ಏರಿಯೇ ಏರುತ್ತದೆ. 25 ಜನರಲ್ಲಿ 0.1 ಸಿಕ್ಕಿದ್ದರೆ ಅದರ ಸ್ಟ್ಯಾಂಡರ್ಡ್ ಎರರ್ 0.042, ಅಂದರೆ ನಿಜವಾದ್ದು 0.02ರಿಂದ 0.18ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಪಕ್ಕದ ಊರಿನ 0.15ರ ಜೊತೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ. 50 ಜನರಲ್ಲಿ ಒಂದೂ ಸಿಗದಿದ್ದರೂ ಆಲೀಲ್ ಇಲ್ಲ ಎಂದಲ್ಲ, 3% ತನಕ ಇರಬಹುದು.

ಹೋಲಿಸುವ ಡೇಟಾ ಯಾವುದು ಎನ್ನುವುದನ್ನೂ ನೋಡಿ. 1000 ಜೀನೋಮ್ಸ್ ಯೋಜನೆಯ ಮೂರನೇ ಹಂತದ 2504 ಜನರಲ್ಲಿ ದಕ್ಷಿಣ ಏಷ್ಯಾದ ಗುಂಪುಗಳು ಐದು: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನ ತೆಲುಗರು ಮತ್ತು ಶ್ರೀಲಂಕಾ ತಮಿಳರು. ಕನ್ನಡಿಗರ ಗುಂಪು ಇಲ್ಲ. ಮೈಸೂರು ಕಡೆಯ ಒಂದು ಸಮುದಾಯದ ಆವರ್ತನ ಇದರ ಸರಾಸರಿಗೆ ಹೊಂದದಿದ್ದರೆ ಅದು ದೋಷವೇ ಅಲ್ಲ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ ಸಮನ್ವಯದಲ್ಲಿ ನಡೆದ ಜೀನೋಮ್ ಇಂಡಿಯಾ 10,000ದಷ್ಟು ಭಾರತೀಯರ ಜೀನೋಮ್ ಓದಿಸಿದೆ. ಹೋಲಿಕೆಗೆ ಅಂಥದ್ದು ಮೇಲು.

ಇಷ್ಟಾದರೂ ಬಗೆಹರಿಯದೆ ಬೇರೆಯವರ ಹತ್ತಿರ ಕೇಳುವುದಾದರೆ ಬರೀ 0.13 ಎಂದು ಕಳಿಸಬೇಡಿ. ಮೂರೂ ಜೀನೋಟೈಪ್ ಎಷ್ಟೆಷ್ಟು, ಖಾಲಿ ಎಷ್ಟು, ಗಂಡಸರು ಹೆಂಗಸರು ಎಷ್ಟು, ರೆಫರೆನ್ಸ್ ಜೀನೋಮಿನ ಆವೃತ್ತಿ ಜಿಆರ್‌ಸಿಎಚ್37ಓ 38ಓ, ಎಣಿಸಿದ ಅಕ್ಷರ ಯಾವುದು, ಯಾವ ಎಳೆ, ಜನರನ್ನು ಎಲ್ಲಿಂದ ಹೇಗೆ ಆರಿಸಿದಿರಿ, ಇಷ್ಟನ್ನೂ ಬರೆದು ಕಳಿಸಿ.